ನಮ್ಮನೆಯ ಮೂರನೇ ರೆಗ್ಯುಲೇಟರ್

ನಮ್ಮ ಮನೆಯಲ್ಲಿ ರೆಗ್ಯುಲೇಟರ್ ಅಂದರೆ ಎರಡೇ ಇದ್ದವು. ಒಂದು ಫ್ಯಾನಿನದು, ಇನ್ನೊಂದು ಗ್ಯಾಸಿನದು. ರಾತ್ರಿ ಮಲಗುವ ಮುಂಚೆ ಅಮ್ಮ ದಿನಾ ಕೇಳುತ್ತಿದ್ದ ಪ್ರಶ್ನೆ, “ರೆಗ್ಯುಲೇಟರ್ ಬಂದ್ ಮಾಡಿದ್ಯಾ?” ಹಾಗಾಗಿ ಏಳು ವರ್ಷದ ಹಿಂದೆ ನಾನು ಬೆಂಗಳೂರಿನಿಂದ ಹೊನ್ನಾವರಕ್ಕೆ ಫೋನ್ ಮಾಡಿ, “ಅಮ್ಮಾ, ಒಂದು ರೆಗ್ಯುಲೇಟರ್ ತಗೊಂಡೆ, 62 ಸಾವಿರ ಆಯ್ತು” ಅಂದಾಗ ಆ ಕಡೆ ಸ್ವಲ್ಪ ಹೊತ್ತು ಸದ್ದೇ ಇರಲಿಲ್ಲ. ಆಮೇಲೆ ಮೆಲ್ಲಗೆ ಕೇಳಿದರು. “ಯಾವ ಗ್ಯಾಸ್ ಕಂಪನಿಯದ್ದೋ ಅದು?”

ನಾನು ತಗೊಂಡಿದ್ದು ಸ್ಕೂಬಾ ಡೈವಿಂಗಿನದು, ನೀರಿನಡಿ ಮುಳುಗಿದಾಗ ಬೆನ್ನ ಮೇಲಿನ ಸಿಲಿಂಡರಿನ ಗಾಳಿಯನ್ನು ಬಾಯಿಗೆ ತಂದುಕೊಡುವ ಸಾಮಾನು. ಆದರೂ ಅಮ್ಮ ಕೇಳಿದ್ದು ಅಷ್ಟೇನೂ ತಪ್ಪಲ್ಲ. ಈ ಸಾಮಾನಿನ ವಂಶ ಹುಡುಕುತ್ತಾ ಹೋದರೆ ನಿಜಕ್ಕೂ ಅಡುಗೆ ಗ್ಯಾಸಿನ ಹತ್ತಿರವೇ ಹೋಗಿ ಮುಟ್ಟುತ್ತದೆ. ಎರಡನೇ ಮಹಾಯುದ್ಧದ ಕಾಲ. ಫ್ರಾನ್ಸ್ ಜರ್ಮನಿಯ ಕೈಯಲ್ಲಿತ್ತು, ಪೆಟ್ರೋಲ್ ಸಿಗುತ್ತಿರಲಿಲ್ಲ. ಏರ್ ಲಿಕ್ವಿಡ್ ಅನ್ನುವ ಕಂಪನಿಯಲ್ಲಿ ಎಂಜಿನಿಯರ್ ಆಗಿದ್ದ ಎಮಿಲ್ ಗಾನ್ಯಾನ್, ಕಾರುಗಳನ್ನು ಅಡುಗೆ ಗ್ಯಾಸಿನಲ್ಲಿ ಓಡಿಸಲು ಒಂದು ಪುಟ್ಟ ವಾಲ್ವ್ ಮಾಡಿದ್ದರು. ಎಂಜಿನ್ ಎಳೆದಷ್ಟೇ ಗ್ಯಾಸ್ ಬಿಡುವ ವಾಲ್ವ್. ನೌಕಾಪಡೆಯಲ್ಲಿದ್ದ ಜಾಕ್ ಕುಸ್ತೋ ಅವರಿಗೆ ಬೇಕಾಗಿದ್ದದ್ದೂ ಅದೇ, ಎಂಜಿನ್ ಬದಲು ಮನುಷ್ಯನ ಎದೆ ಅಷ್ಟೇ. 1943ರಲ್ಲಿ ಪ್ಯಾರಿಸ್ ಹತ್ತಿರದ ಮಾರ್ನ್ ನದಿಯಲ್ಲಿ ಮೊದಲ ಸಲ ಇಳಿದು ನೋಡಿದಾಗ ಅದು ಸರಿಯಾಗಿ ಕೆಲಸ ಮಾಡಲಿಲ್ಲ. ನೆಟ್ಟಗೆ ನಿಂತರೆ ಗಾಳಿ ಸುಮ್ನೆ ಸೋರಿ ಹೋಗುತ್ತಿತ್ತು, ತಲೆಕೆಳಗಾದರೆ ಎಳೆದರೂ ಬರುತ್ತಿರಲಿಲ್ಲ. ಉಸಿರು ಹೊರಗೆ ಹೋಗುವ ಬಾಯನ್ನು ವಾಲ್ವಿನ ಪಕ್ಕಕ್ಕೇ ತಂದ ಮೇಲೆ ಸರಿಹೋಯಿತು. ಇವತ್ತು ಮುರ್ಡೇಶ್ವರದ ದೋಣಿಯಲ್ಲಿ ಸಾಲಾಗಿ ನೇತಾಡುವ ಎಲ್ಲ ರೆಗ್ಯುಲೇಟರ್‌ಗಳ ಅಜ್ಜ ಅದು.

ನಾನು ಅಂಥದ್ದನ್ನು ಕಣ್ಣಲ್ಲಿ ನೋಡುವುದಕ್ಕೂ ಮುಂಚೆ ನಮ್ಮದೇ ಒಂದು ಪ್ರಯೋಗ ನಡೆದಿತ್ತು, ಶರಾವತಿ ಹೊಳೆಯಲ್ಲಿ. ಪಪ್ಪಾಯಿ ಎಲೆಯ ದಂಟು ಒಳಗೆ ಟೊಳ್ಳು. ಅದನ್ನು ಬಾಯಲ್ಲಿ ಕಚ್ಚಿಕೊಂಡು, ಇನ್ನೊಂದು ತುದಿ ನೀರಿನ ಮೇಲೆ ಬಿಟ್ಟು ಮುಳುಗುವುದು. ತುಟಿಯೆಲ್ಲ ತುರಿಕೆ, ಬಾಯೆಲ್ಲ ಕಹಿ. ತಲೆ ಮುಳುಗುವವರೆಗೆ ಆರಾಮ. ಎರಡು ದಂಟು ಜೋಡಿಸಿ ಇನ್ನೂ ಕೆಳಗೆ ಹೋದರೆ ಮಾತ್ರ ಎದೆ ಮೇಲೆ ಯಾರೋ ಕೂತ ಹಾಗೆ, ಎಳೆದರೆ ಉಸಿರೇ ಬರುತ್ತಿರಲಿಲ್ಲ. ದಂಟು ಮುಚ್ಚಿಕೊಂಡಿದೆ ಅಂದುಕೊಂಡು ಬೈದುಕೊಳ್ಳುತ್ತಿದ್ದೆವು. ದಂಟಿನದ್ದೇನೂ ತಪ್ಪಿರಲಿಲ್ಲ. ಒಂದು ಮೀಟರ್ ನೀರು ಎದೆಯ ಪ್ರತಿ ಚದರ ಸೆಂಟಿಮೀಟರಿನ ಮೇಲೆ 100 ಗ್ರಾಂ ಭಾರ ಹಾಕುತ್ತದೆ. ಎದೆ ಪೂರ್ತಿ ಲೆಕ್ಕ ಹಾಕಿದರೆ ಅಕ್ಕಿ ಮೂಟೆ ಹೊತ್ತು ಮಲಗಿದ ಹಾಗೆ. ಮೇಲಿನ ಗಾಳಿಗೆ ಆ ಭಾರ ಗೊತ್ತಿಲ್ಲ. ಹಾಗಾಗಿ ನೀರಿನಡಿ ಉಸಿರಾಡಬೇಕು ಅಂದರೆ, ಸುತ್ತಲಿನ ನೀರು ಎಷ್ಟು ಒತ್ತುತ್ತಿದೆಯೋ ಅಷ್ಟೇ ಒತ್ತಡದ ಗಾಳಿ ಬಾಯಿಗೆ ಸಿಗಬೇಕು. ಜಾಸ್ತಿಯೂ ಅಲ್ಲ, ಕಮ್ಮಿಯೂ ಅಲ್ಲ.

ಬೆನ್ನ ಮೇಲಿನ ಸಿಲಿಂಡರಿನಲ್ಲಿ ಇರುವುದು ಸುಮಾರು 200 ಬಾರ್ ಒತ್ತಡದ ಗಾಳಿ. ಕಾರಿನ ಟೈರಿಗೆ ನಾವು ಹಾಕಿಸುವ ಗಾಳಿಯ ಹೆಚ್ಚುಕಮ್ಮಿ 90 ಪಟ್ಟು. ಅದನ್ನು ಒಂದೇ ಏಟಿಗೆ ಇಳಿಸುವುದು ಕಷ್ಟ, ಅದಕ್ಕೇ ಎರಡು ಮೆಟ್ಟಿಲು. ಸಿಲಿಂಡರಿಗೆ ಕಚ್ಚಿಕೊಳ್ಳುವ ಹಿತ್ತಾಳೆಯ ಗಟ್ಟಿ ಉಂಡೆ ಫಸ್ಟ್ ಸ್ಟೇಜ್. ಅದು 200 ಬಾರನ್ನು ಸುತ್ತಲಿನ ಒತ್ತಡಕ್ಕಿಂತ ಒಂಬತ್ತು ಹತ್ತು ಬಾರ್ ಜಾಸ್ತಿಯವರೆಗೆ ಇಳಿಸಿ ಹೋಸಿಗೆ ಬಿಡುತ್ತದೆ. ಬಾಯಲ್ಲಿ ಕಚ್ಚಿಕೊಳ್ಳುವುದು ಸೆಕೆಂಡ್ ಸ್ಟೇಜ್. ಅದರೊಳಗೆ ಡಬ್ಬಿಯ ಮುಚ್ಚಳದಷ್ಟು ಅಗಲದ ಒಂದು ಮೆತ್ತನೆ ಪೊರೆ, ಅದಕ್ಕೆ ತಾಗಿಕೊಂಡ ಒಂದು ಲಿವರ್. ಉಸಿರೆಳೆದರೆ ಪೊರೆ ಒಳಗೆ ಬಾಗುತ್ತದೆ, ಲಿವರ್ ಅಮುಕುತ್ತದೆ, ವಾಲ್ವ್ ತೆರೆದು ಗಾಳಿ ಬರುತ್ತದೆ. ಎಳೆಯುವುದು ನಿಲ್ಲಿಸಿದರೆ ಮುಚ್ಚಿಕೊಳ್ಳುತ್ತದೆ. ಬ್ಯಾಟರಿ ಇಲ್ಲ, ಚಿಪ್ ಇಲ್ಲ. ಸ್ಪ್ರಿಂಗು, ರಬ್ಬರು, ಹಿತ್ತಾಳೆ, ಅಷ್ಟೇ. ನನಗೆ ಇದರ ಮೇಲೆ ಪ್ರೀತಿ ಬಂದಿದ್ದೇ ಅದಕ್ಕೆ. ಇನ್ನೊಂದು ಜಾಣತನವೂ ಇದೆ. ಈ ಯಂತ್ರ ಕೆಟ್ಟರೆ ಸಾಮಾನ್ಯವಾಗಿ ಗಾಳಿ ನಿಲ್ಲುವುದಿಲ್ಲ, ಸುರಿಯುತ್ತದೆ. ವಾಲ್ವನ್ನು ಹಾಗೇ ಕೂರಿಸಿದ್ದಾರೆ.

ಇಷ್ಟೆಲ್ಲ ತಿಳಿದುಕೊಳ್ಳುವ ಗರಜು ನನಗೆ ಬಿದ್ದದ್ದು ನೇತ್ರಾಣಿಯಲ್ಲಿ. ಮುರ್ಡೇಶ್ವರದಿಂದ ಸುಮಾರು 19 ಕಿ.ಮೀ. ದೂರದಲ್ಲಿ ಸಮುದ್ರದ ನಡುವಿನ ಗುಡ್ಡ ಅದು, ಮೇಲಿನಿಂದ ನೋಡಿದರೆ ಹೃದಯದ ಆಕಾರ. ಡೈವಿಂಗ್ ಸರ್ಟಿಫಿಕೇಟ್ ಆಗಿ ಎರಡನೇ ಸೀಸನ್. ಎಲ್ಲವೂ ಬಾಡಿಗೆ ಸಾಮಾನು. ಮೌತ್‌ಪೀಸಿನ ಮೇಲೆ ನನಗಿಂತ ಮುಂಚೆ ಕಚ್ಚಿದ ಎಷ್ಟೋ ಜನರ ಹಲ್ಲಿನ ಗುರುತು. ಅದಕ್ಕೆ ಬೇಜಾರಿಲ್ಲ, ಮದುವೆ ಊಟದ ಲೋಟದಲ್ಲಿ ನೀರು ಕುಡಿದು ಬೆಳೆದವರು ನಾವು. ಆದರೆ 14 ಮೀಟರ್ ಕೆಳಗೆ, ಬಂಡೆಯ ಸಂದಿಯಲ್ಲಿ ಗಿಣಿಮೀನು ಕಚ್ಚಿ ಕಚ್ಚಿ ತಿನ್ನುವುದನ್ನು ನೋಡುತ್ತಿರುವಾಗ, ಪ್ರತಿ ಉಸಿರಿನ ಜೊತೆ ಒಂದೊಂದು ಚಮಚ ಉಪ್ಪುನೀರು ಬಾಯಿಗೆ ಬರಲು ಶುರುವಾಯಿತು. ಮೊದಲು ನನ್ನ ತುಟಿಯೇ ಸರಿಯಾಗಿ ಮುಚ್ಚಿಲ್ಲ ಅಂದುಕೊಂಡೆ. ಗಾಳಿ ನುಗ್ಗಿಸಿ ಒಳಗಿನ ನೀರನ್ನು ಹೊರಗೆ ತಳ್ಳುವ ಪರ್ಜ್ ಬಟನ್ ಒತ್ತಿದೆ, ಖಾಲಿ ಆಯಿತು, ಮತ್ತೆ ತುಂಬಿತು. ಕೆಮ್ಮು ಬಂತು. ರೆಗ್ಯುಲೇಟರಿನೊಳಗೇ ಕೆಮ್ಮಬಹುದು ಅಂತ ಕ್ಲಾಸಿನಲ್ಲಿ ಹೇಳಿಕೊಟ್ಟಿದ್ದರು. ಕೆಮ್ಮಿದೆ. ಆಮೇಲೆ ಇನ್‌ಸ್ಟ್ರಕ್ಟರ್‌ಗೆ ಕೈ ಅಲ್ಲಾಡಿಸಿ ಬಾಯಿ ತೋರಿಸಿದೆ. ಅವರು ತಮ್ಮ ಹಳದಿ ಆಕ್ಟೋಪಸ್ ಕೊಟ್ಟರು, ಅಂದರೆ ಇನ್ನೊಬ್ಬರಿಗೆ ಬೇಕಾದೀತು ಅಂತ ಇಟ್ಟುಕೊಳ್ಳುವ ಹೆಚ್ಚುವರಿ ಸೆಕೆಂಡ್ ಸ್ಟೇಜ್. ಇಬ್ಬರೂ ಕೈ ಹಿಡಿದುಕೊಂಡು ನಿಧಾನಕ್ಕೆ ಮೇಲೆ ಬಂದೆವು.

ದೋಣಿಯ ಹುಡುಗ ಅಲ್ಲೇ ಕೂತು ಸೆಕೆಂಡ್ ಸ್ಟೇಜಿನ ಕೆಳಗಿನ ಭಾಗ ತೆಗೆದ. ಅಲ್ಲಿ ಅಣಬೆಯ ಟೊಪ್ಪಿಯಂಥ ಒಂದು ಸಿಲಿಕೋನ್ ಬಿಲ್ಲೆ ಇರುತ್ತದೆ. ನಾವು ಬಿಡುವ ಉಸಿರು ಅದನ್ನು ಎತ್ತಿಕೊಂಡು ಹೊರಗೆ ಹೋಗುತ್ತದೆ. ಆ ಬಿಲ್ಲೆಯ ಅಂಚಿನಡಿ ನೈಲಾನ್ ಹಗ್ಗದ ಒಂದು ಎಳೆ ಸಿಕ್ಕಿಕೊಂಡಿತ್ತು. ಕೂದಲಿಗಿಂತ ಸ್ವಲ್ಪ ದಪ್ಪ. “ಇಷ್ಟೇ ನೋಡಿ ಸರ್” ಅಂತ ಉಗುರಿನಲ್ಲಿ ತೆಗೆದು ಸಮುದ್ರಕ್ಕೆ ಬಿಸಾಡಿದ. ನನಗೆ ಅದು ಇಷ್ಟೇ ಅನಿಸಲಿಲ್ಲ.

ಇದನ್ನು ದಡದಲ್ಲೇ ಹಿಡಿಯಬಹುದಿತ್ತು ಅಂತ ಆಮೇಲೆ ಕಲಿತೆ. ಸಿಲಿಂಡರಿಗೆ ಹಾಕುವ ಮುಂಚೆ, ಫಸ್ಟ್ ಸ್ಟೇಜಿನ ಬಾಯಿ ಮುಚ್ಚುವ ಡಸ್ಟ್ ಕ್ಯಾಪ್ ಹಾಕಿದ್ದ ಹಾಗೇ, ಮೌತ್‌ಪೀಸ್ ಬಾಯಿಗಿಟ್ಟು ಮೆಲ್ಲಗೆ ಎಳೆಯಬೇಕು. ಏನೂ ಬರಬಾರದು. ಬಾಟಲಿಯ ಬಾಯಿಗೆ ನಾಲಿಗೆ ಅಂಟಿಕೊಂಡ ಹಾಗೆ ಅಂಟಿಕೊಳ್ಳಬೇಕು. ಸುಯ್ ಅಂತ ಸ್ವಲ್ಪ ಗಾಳಿ ಬಂದರೂ ಎಲ್ಲೋ ದಾರಿ ಇದೆ ಅಂತ ಅರ್ಥ: ಪೊರೆಯಲ್ಲಿ ತೂತು, ಬಿಲ್ಲೆಯಡಿ ಮರಳು, ಇಲ್ಲಾ ಮೌತ್‌ಪೀಸ್ ಹರಿದಿದೆ. ಗಾಳಿ ಬರುವ ದಾರಿಯಲ್ಲಿ ನೀರೂ ಬರುತ್ತದೆ. ಐದು ಸೆಕೆಂಡಿನ ಕೆಲಸ. ಅವತ್ತಿನಿಂದ ಬಾಡಿಗೆಯದ್ದಾದರೂ ಸರಿ, ಸ್ವಂತದ್ದಾದರೂ ಸರಿ, ಇದನ್ನು ಮಾಡದೆ ನಾನು ನೀರಿಗಿಳಿದಿಲ್ಲ.

ಸ್ವಂತದ್ದು ತಗೊಳ್ಳಬೇಕು ಅಂತ ತೀರ್ಮಾನ ಮಾಡಿದ್ದೂ ಅವತ್ತೇ, ದೋಣಿ ವಾಪಸ್ ಬರುವಾಗ, ವಾಂತಿ ತಡೆದುಕೊಂಡು ಕೂತಿದ್ದಾಗ. ಅಂಥ ಹೊತ್ತಲ್ಲಿ ಮಾಡಿದ ತೀರ್ಮಾನ ಎಂಥದ್ದಿರುತ್ತದೆ ಅಂತ ನಿಮಗೇ ಗೊತ್ತು. ಸಿಂಗಪುರದಲ್ಲಿದ್ದ ಗೆಳೆಯನೊಬ್ಬ ಅಗ್ಗದಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಸೆಟ್ ತಂದುಕೊಟ್ಟ. ನೋಡಲು ಚೆನ್ನಾಗಿತ್ತು, ಉಸಿರೂ ಬೆಣ್ಣೆಯ ಹಾಗೆ ಬರುತ್ತಿತ್ತು. ಅದನ್ನು ಮನೆಯಲ್ಲಿ ಹೇಳಿರಲೇ ಇಲ್ಲ. ಒಂದೂವರೆ ವರ್ಷದ ಮೇಲೆ ಸೆಕೆಂಡ್ ಸ್ಟೇಜಿನಿಂದ ಗುಳುಗುಳು ಅಂತ ಗಾಳಿ ಸೋರಲು ಶುರುವಾಯಿತು. ಎಲ್ಲ ಕಡೆ ಫೋನ್ ಮಾಡಿದೆ. ಗೋವಾ, ಚೆನ್ನೈ, ಅಂಡಮಾನ್. ಎಲ್ಲರದ್ದೂ ಒಂದೇ ಉತ್ತರ. “ಆ ಬ್ರಾಂಡಿನ ಕಿಟ್ ನಮ್ಮ ಹತ್ತಿರ ಬರೋದಿಲ್ಲ.” ಕಿಟ್ ಅಂದರೆ ಗಾಳಿ ಸೋರದ ಹಾಗೆ ತಡೆಯುವ ನಾಲ್ಕಾರು ರಬ್ಬರ್ ಬಳೆ (ಓ-ರಿಂಗು), ವಾಲ್ವ್ ಮುಚ್ಚಿಕೊಳ್ಳುವ ಒಂದೆರಡು ಸೀಟು, ಒಂದು ಫಿಲ್ಟರು, ಅಂಗೈಯಲ್ಲಿ ಹಿಡಿಯುವಷ್ಟು ಸಾಮಾನು. ಅದು ಸಿಗದೆ ಇಡೀ ಸೆಟ್ಟು ಪೇಪರ್‌ವೇಟ್ ಆಯಿತು. ಈಗಲೂ ನನ್ನ ಮೇಜಿನ ಮೇಲಿದೆ, ಕರೆಂಟ್ ಬಿಲ್ಲಿನ ಮೇಲೆ.

ಹಾಗಾಗಿ “ಯಾವ ರೆಗ್ಯುಲೇಟರ್ ತಗೊಳ್ಳಲಿ?” ಅಂತ ಕೇಳುವವರಿಗೆ ನಾನು ಮೊದಲು ಕೇಳುವುದು, “ಯಾರ ಹತ್ತಿರ ಬಿಚ್ಚಿಸ್ತೀಯ?” ಅಂತ. ಬೈಕ್ ತಗೊಳ್ಳುವಾಗ ಊರಿನಲ್ಲಿ ಸರ್ವೀಸ್ ಇದೆಯಾ ಅಂತ ನೋಡುತ್ತೇವೆ, ಅಲ್ವಾ? ಇಲ್ಲಿ ಯಾಕೆ ಬರೀ ಬಣ್ಣ, ತೂಕ, ಯೂಟ್ಯೂಬ್ ನೋಡುತ್ತೇವೋ ಗೊತ್ತಿಲ್ಲ. ಮೊದಲು ಮೆಕ್ಯಾನಿಕ್ ಹುಡುಕು. ಆತ ಯಾವ ಯಾವ ಬ್ರಾಂಡಿನಲ್ಲಿ ತರಬೇತಿ ಪಡೆದಿದ್ದಾನೆ ಕೇಳು. ಕಿಟ್ ಕೈಯಲ್ಲಿದೆಯಾ, ತರಿಸಬೇಕಾ ಕೇಳು. ಆ ನಾಲ್ಕೈದು ಬ್ರಾಂಡಿನೊಳಗೆ ನಿನ್ನ ಜೇಬಿಗೆ ಹೊಂದುವುದನ್ನು ತಗೋ. ಹೆಸರಿರುವ ಕಂಪನಿಗಳ ಮಧ್ಯಮ ದರದ ಯಾವ ರೆಗ್ಯುಲೇಟರ್ ಆದರೂ ನೇತ್ರಾಣಿಯ 18 ಮೀಟರಿನಲ್ಲಿ ಧಾರಾಳವಾಗಿ ಗಾಳಿ ಕೊಡುತ್ತದೆ. ಅಲ್ಲಿ ವ್ಯತ್ಯಾಸ ಹುಡುಕುವುದು ಒಳ್ಳೆ ಕಾಫಿಯಲ್ಲಿ ಚಿಕೋರಿ ಎಷ್ಟಿದೆ ಅಂತ ಜಗಳ ಆಡಿದ ಹಾಗೆ.

ಆದರೂ ಜಗಳ ನಡೆಯುತ್ತದೆ, ಅದರದ್ದೂ ಒಂದು ಮಜಾ ಇದೆ. ಪಿಸ್ಟನ್ ಪಕ್ಷ, ಡಯಾಫ್ರಮ್ ಪಕ್ಷ. ಪಿಸ್ಟನ್ ಫಸ್ಟ್ ಸ್ಟೇಜಿನಲ್ಲಿ ಓಡಾಡುವ ಭಾಗ ಕಮ್ಮಿ, ಗಾಳಿ ಧಾರಾಳ. ಆದರೆ ಸಮುದ್ರದ ನೀರು ಪಿಸ್ಟನ್ನಿನ ಸ್ಪ್ರಿಂಗ್ ಇರುವ ಗೂಡಿನೊಳಗೇ ಹೋಗಿ ಬರುತ್ತದೆ. ಉಪ್ಪು, ಮರಳು, ಕೆಸರು ಏನಿದೆಯೋ ಅದೆಲ್ಲ ಒಳಗೆ. ಡಯಾಫ್ರಮ್‌ನಲ್ಲಿ ಒಂದು ದಪ್ಪ ರಬ್ಬರ್ ಪೊರೆ ನಡುವೆ ಕೂತು ಮುಖ್ಯ ಭಾಗಗಳನ್ನು ನೀರಿನಿಂದ ದೂರ ಇಡುತ್ತದೆ. ಭಾಗಗಳು ಜಾಸ್ತಿ, ಬಿಚ್ಚಿ ಜೋಡಿಸುವ ಕೆಲಸವೂ ಸ್ವಲ್ಪ ಜಾಸ್ತಿ. ಸ್ಕೂಬಾಪ್ರೋ ಕಂಪನಿಯ ಎಂಕೆ25 ಪಿಸ್ಟನ್ ಪಕ್ಷದವರ ಹೆಮ್ಮೆ. ಅಪೆಕ್ಸ್ ಕಂಪನಿಯದ್ದು ಅಂದರೆ ಬಹುತೇಕ ಡಯಾಫ್ರಮ್ಮೇ. ನಾನು ಡಯಾಫ್ರಮ್ ತಗೊಂಡೆ. ನಮ್ಮ ಕರಾವಳಿಯ ನೀರಿನಲ್ಲಿ ಹೊಳೆ ತಂದು ಸುರಿಯುವ ಮಣ್ಣು ಜಾಸ್ತಿ ಅನ್ನುವುದು ನಾನು ಹೊರಗೆ ಹೇಳುವ ಕಾರಣ. ನಾನು ತೊಳೆಯುವುದರಲ್ಲಿ ಸೋಮಾರಿ ಅನ್ನುವುದು ನಿಜವಾದ ಕಾರಣ.

ಬ್ಯಾಲೆನ್ಸ್ಡ್ ಅನ್ನುವ ಪದಕ್ಕೆ ಮಾತ್ರ ದುಡ್ಡು ಕೊಡಬಹುದು. ಬ್ಯಾಲೆನ್ಸ್ ಇಲ್ಲದ ಪಿಸ್ಟನ್ನಿನಲ್ಲಿ ಸಿಲಿಂಡರ್ ಖಾಲಿಯಾಗುತ್ತಾ ಬಂದ ಹಾಗೆ ಹೋಸಿನ ಒತ್ತಡವೂ ಇಳಿಯುತ್ತದೆ, ಕೊನೆಕೊನೆಗೆ ಉಸಿರು ಸ್ವಲ್ಪ ಗಟ್ಟಿ ಅನಿಸುತ್ತದೆ. ಬ್ಯಾಲೆನ್ಸ್ಡ್‌ನಲ್ಲಿ ಮೊದಲಿನಿಂದ ಕೊನೆಯವರೆಗೆ ಹೆಚ್ಚುಕಮ್ಮಿ ಒಂದೇ ಥರ. ಹಾಗಂತ ಬ್ಯಾಲೆನ್ಸ್ ಇಲ್ಲದ್ದು ಕೆಟ್ಟದ್ದಲ್ಲ. ಸ್ಕೂಬಾಪ್ರೋದ ಎಂಕೆ2 ಅಂಥದ್ದೇ, ಎಷ್ಟೋ ದೇಶದ ಬಾಡಿಗೆ ಅಂಗಡಿಗಳು ಅದರ ಮೇಲೇ ನಡೆಯುತ್ತವೆ. ಎತ್ತಿನಂಥ ಸಾಮಾನು.

ತಣ್ಣೀರಿನ ಸೀಲ್, ಐಸ್ ಕಟ್ಟದ ಹಾಗೆ ರೆಕ್ಕೆ, ಇದಕ್ಕೆಲ್ಲ ನಮ್ಮಲ್ಲಿ ಕೆಲಸ ಇಲ್ಲ. ಇಂಗ್ಲೆಂಡಿನಲ್ಲಿರುವ ನಮ್ಮ ಭಾವ ಕಲ್ಲುಕ್ವಾರಿಯಲ್ಲಿ ತುಂಬಿದ ನೀರಿಗೆ ಇಳಿಯುತ್ತಾರೆ, ಚಳಿಗಾಲದಲ್ಲಿ 6 ಡಿಗ್ರಿ. ಗಾಳಿ 200 ಬಾರಿನಿಂದ ಹತ್ತಕ್ಕೆ ಹಿಗ್ಗುವಾಗ ಭಾರಿ ತಣ್ಣಗಾಗುತ್ತದೆ. ಡಿಯೋಡರೆಂಟ್ ಡಬ್ಬಿ ಒತ್ತಿ ಹಿಡಿದರೆ ಕೈಗೆ ತಣ್ಣಗೆ ತಾಗುತ್ತದಲ್ಲ, ಹಾಗೆ. ಅವರ ನೀರಿನಲ್ಲಿ ಫಸ್ಟ್ ಸ್ಟೇಜಿನ ಒಳಗೆ ಐಸ್ ಕಟ್ಟಿ ವಾಲ್ವ್ ತೆರೆದುಕೊಂಡೇ ಸಿಕ್ಕಿಕೊಳ್ಳಬಹುದು. ಅವರಿಗೆ ಬೇಕು. 28 ಡಿಗ್ರಿ ಬೆಚ್ಚಗಿನ ನೀರಿನಲ್ಲಿ ಮುಳುಗುವ ನಮಗೆ ಅದು ಹೊನ್ನಾವರದಲ್ಲಿ ಉಣ್ಣೆ ಸ್ವೆಟರ್ ಹಾಕಿದ ಹಾಗೆ.

ಇನ್ನೊಂದು ತಲೆಬಿಸಿ ಡಿನ್ ಮತ್ತು ಯೋಕ್. ಯೋಕ್ ಅಂದರೆ ಸಿಲಿಂಡರಿನ ತಲೆಯನ್ನು ಸುತ್ತಿ ಹಿಂದಿನಿಂದ ತಿರುಪು ಬಿಗಿಯುವ ಕ್ಲಾಂಪ್. ಡಿನ್ ಅಂದರೆ ವಾಲ್ವಿನೊಳಗೇ ತಿರುಗಿಸಿ ಕೂರಿಸುವುದು. ಯೋಕ್‌ನಲ್ಲಿ ಓ-ರಿಂಗ್ ಸಿಲಿಂಡರಿನ ಮುಖದ ಮೇಲೆ ಇರುತ್ತದೆ. ಎಷ್ಟು ಜನರ ಕೈಯಲ್ಲಿ ಸವೆದಿದೆಯೋ ಯಾರಿಗೆ ಗೊತ್ತು. ದೋಣಿಯಲ್ಲಿ ವಾಲ್ವ್ ತೆರೆದ ಕೂಡಲೇ ಸುಸ್ಸ್ ಅಂತ ಸದ್ದು ಬಂದರೆ ನೂರಕ್ಕೆ ತೊಂಬತ್ತು ಸಲ ಅದೇ. ಡಿನ್‌ನಲ್ಲಿ ಓ-ರಿಂಗ್ ನಿಮ್ಮ ರೆಗ್ಯುಲೇಟರಿನದ್ದೇ, ಒಳಗೆ ಭದ್ರವಾಗಿ ಕೂರುತ್ತದೆ. ನಾನು ಡಿನ್ ತಗೊಂಡು ಜೊತೆಗೆ ಒಂದು ಯೋಕ್ ಅಡಾಪ್ಟರ್ ಇಟ್ಟುಕೊಂಡಿದ್ದೇನೆ. ನಾನು ಹೋದ ಕಡೆಯೆಲ್ಲ ಸಿಲಿಂಡರ್‌ಗಳಿಗೆ ಯೋಕ್ ಹಿಡಿಯುತ್ತಿತ್ತು. ಕೆಲವಕ್ಕೆ ಮಾತ್ರ ಒಳಗಿನ ಬಿರಡೆ ಬಿಚ್ಚಿದರೆ ಡಿನ್ ಆಗುತ್ತದೆ. ಅಡಾಪ್ಟರ್ ಹಾಕಿದಾಗ ಫಸ್ಟ್ ಸ್ಟೇಜ್ ಸ್ವಲ್ಪ ಮುಂದೆ ಬಂದು ತಲೆ ಎತ್ತಿದಾಗೆಲ್ಲ ಕುಟ್ಟುತ್ತದೆ. ಬೇಡ ಅನಿಸಿದರೆ ಸೀದಾ ಯೋಕ್ ತಗೊಳ್ಳಿ, ಜಗತ್ತು ಮುಳುಗುವುದಿಲ್ಲ.

ಹೋಸಿನ ಬಗ್ಗೆ ಒಂದೇ ಮಾತು. ಬಟ್ಟೆ ಹೆಣೆದ ಹಾಗೆ ಕಾಣುವ ಬ್ರೇಡೆಡ್ ಹೋಸ್ ಹಗುರ, ಮೆತ್ತಗೆ, ಬಣ್ಣಬಣ್ಣ. ಆದರೆ ಕೆಲವು ಹೋಸ್‌ಗಳಲ್ಲಿ ಒಳಗಿನ ಪ್ಲಾಸ್ಟಿಕ್ ಪದರ ಬಿಸಿ ಮತ್ತು ತೇವಕ್ಕೆ ಕೆಟ್ಟು, ಹರಳು ಕಟ್ಟಿ, ಗಾಳಿಯ ದಾರಿಯನ್ನೇ ಮುಚ್ಚಿದ ಪ್ರಕರಣಗಳಿವೆ. ಹೊರಗಿನಿಂದ ಏನೂ ಕಾಣುವುದಿಲ್ಲ. ಕಪ್ಪು ರಬ್ಬರ್ ಹೋಸ್ ಕೆಡುವಾಗ ಬಿರುಕು ಬಿಟ್ಟು ಹೇಳಿ ಕೆಡುತ್ತದೆ. ಸೆಕೆ ನಾಡಿನವನಾದ ನನಗೆ ಅದೇ ಸಾಕು. ಆಕ್ಟೋಪಸ್‌ನಲ್ಲೂ ಚೌಕಾಸಿ ಬೇಡ. ಅದು ಇನ್ನೊಬ್ಬನ ಬಾಯಿಗೆ ಹೋಗುವ ವಸ್ತು, ಅದೂ ಅವನು ಗಾಬರಿಯಲ್ಲಿರುವಾಗ. ನನಗೆ ಅವತ್ತು ಸಿಕ್ಕಿದ್ದು ಚೆನ್ನಾಗಿತ್ತು.

ಈಗ ತೊಳೆಯುವ ವಿಷಯ. ಇಲ್ಲಿ ನನ್ನದೇ ಒಂದು ಅವಿವೇಕ ಹೇಳಬೇಕು.

62 ಸಾವಿರದ ಹೊಸ ಸೆಟ್ಟು. ಮೂರನೇ ಟ್ರಿಪ್. ವಾಪಸ್ ಬಂದು ರೂಮಿನ ಬಾತ್‌ರೂಮಿನಲ್ಲಿ ಬಕೆಟ್ ತುಂಬಾ ಸಿಹಿನೀರು ಹಿಡಿದು, ಭಕ್ತಿಯಿಂದ ಇಡೀ ಸೆಟ್ಟನ್ನು ಮುಳುಗಿಸಿದೆ. ಗುಳಗುಳ ಅಂತ ನಾಲ್ಕು ಗುಳ್ಳೆ ಬಂದವು. ಚೆನ್ನಾಗಿ ತೊಳೆಯುತ್ತಿದೆ ಅಂದುಕೊಂಡೆ. ಅರ್ಧ ಗಂಟೆ ಬಿಟ್ಟು ಎತ್ತಿದಾಗ ಡಸ್ಟ್ ಕ್ಯಾಪ್ ಪಕ್ಕದಲ್ಲಿ ದಾರಕ್ಕೆ ನೇತಾಡುತ್ತಿತ್ತು. ಫಸ್ಟ್ ಸ್ಟೇಜಿನ ಬಾಯಿ ತೆರೆದೇ ಇತ್ತು. ಆ ಗುಳ್ಳೆಗಳು ಅದರೊಳಗಿನ ಗಾಳಿಯದ್ದು, ಆ ಜಾಗಕ್ಕೆ ನೀರು ಹೋಗಿ ಕೂತಿತ್ತು.

ಫಸ್ಟ್ ಸ್ಟೇಜಿನಲ್ಲಿ ಗಾಳಿ ಹೋಗುವ ದಾರಿಯೊಳಗೆ ಜೀವಮಾನದಲ್ಲಿ ನೀರು ಹೋಗಬಾರದು. ಅಲ್ಲಿ ಓಡಾಡುವುದು ಒಣ ಗಾಳಿ ಮಾತ್ರ. ನೀರು ಹೋಗಿ ಕೂತರೆ ಹಿತ್ತಾಳೆಗೆ ಏನಾಗುತ್ತದೆ ಅಂತ ನಮ್ಮವರಿಗೆ ವಿವರಿಸಬೇಕಾಗಿಲ್ಲ. ಕಿಲುಬು. ದೀಪದ ಕಂಬದ ಸಂದಿಯಲ್ಲಿ ಹಬ್ಬಕ್ಕೊಮ್ಮೆ ಅಮ್ಮ ಹುಣಸೆಹಣ್ಣು ಹಾಕಿ ತಿಕ್ಕುವ ಅದೇ ಹಸಿರು. ಸರ್ವೀಸ್ ಮಾಡುವವರೂ ಮಾಡುವುದು ಅದನ್ನೇ, ಹುಣಸೆಹಣ್ಣಿನ ಬದಲು ತೆಳುವಾದ ಆಮ್ಲದ ನೀರು, ತಿಕ್ಕುವ ಕೈಯ ಬದಲು ಅಲ್ಟ್ರಾಸೋನಿಕ್ ಯಂತ್ರ. (ದಯವಿಟ್ಟು ಮನೆಯಲ್ಲಿ ಹುಣಸೆಹಣ್ಣು ಹಾಕಬೇಡಿ. ನನಗೆ ಆ ಆಸೆ ಬಂದಿತ್ತು, ಅದಕ್ಕೇ ಹೇಳುತ್ತಿದ್ದೇನೆ.)

ನನ್ನದನ್ನು ಬಿಚ್ಚಿಸಬೇಕಾಯಿತು. ಬಿಚ್ಚಿದವರು ಗಾಳಿ ಒಳಗೆ ಬರುವ ಬಾಯಲ್ಲಿರುವ ಫಿಲ್ಟರನ್ನು ತೆಗೆದು ನನ್ನ ಅಂಗೈಯಲ್ಲಿಟ್ಟರು. ಲೋಹದ ಪುಡಿಯನ್ನು ಒತ್ತಿ ಮಾಡಿದ ಸಣ್ಣ ಬಿಲ್ಲೆ, ಬೂದಿ ಬಣ್ಣ ಇರಬೇಕಾದದ್ದು. ಒಂದು ಅಂಚು ತಿಳಿಹಸಿರಾಗಿತ್ತು. ಆ ಫಿಲ್ಟರ್ ನೋಡಿದರೆ ಡೈವರಿನ ಜಾತಕ ಗೊತ್ತಾಗುತ್ತದೆ ಅಂದರು ಅವರು. ಹಸಿರಾದರೆ ನೀರು ಹೋಗಿದೆ. ಕೆಂಪು ಮಿಶ್ರಿತ ಕಂದು ಆದರೆ ಯಾವುದೋ ತುಕ್ಕು ಹಿಡಿದ ಸ್ಟೀಲ್ ಸಿಲಿಂಡರಿನ ಗಾಳಿ ಕುಡಿದಿದ್ದೀರಿ. ಕಪ್ಪಾದರೆ ಗಾಳಿ ತುಂಬುವ ಕಂಪ್ರೆಸರಿನ ಎಣ್ಣೆಯೋ ಇದ್ದಿಲ ಪುಡಿಯೋ ಬಂದಿದೆ, ಆ ಅಂಗಡಿಗೆ ಮತ್ತೆ ಹೋಗಬೇಡಿ.

ಅದಾದ ಮೇಲೆ ನನ್ನ ಕ್ರಮ ಬದಲಾಗಿದೆ. ಸಿಲಿಂಡರಿನಿಂದ ಬಿಚ್ಚಿದ ಕೂಡಲೇ ಡಸ್ಟ್ ಕ್ಯಾಪನ್ನು ಒಣ ಬಟ್ಟೆಯಲ್ಲಿ ಒರೆಸಿ ಹಾಕುತ್ತೇನೆ. ದೋಣಿಯಲ್ಲಿ ಎಲ್ಲರೂ ಸಿಲಿಂಡರಿನ ಗಾಳಿ ಬಿಟ್ಟು ಕ್ಯಾಪ್ ಒಣಗಿಸುತ್ತಾರೆ, ಕಿವಿ ತೂತಾಗುವ ಸದ್ದು. ಪಕ್ಕದಲ್ಲಿ ಫಸ್ಟ್ ಸ್ಟೇಜಿನ ಬಾಯಿ ತೆರೆದಿದ್ದರೆ ಅದೇ ಗಾಳಿ ಹನಿಗಳನ್ನು ಅದರೊಳಗೂ ತಳ್ಳಬಹುದು. ಬಟ್ಟೆಯೇ ಮೇಲು. ಸಾಧ್ಯವಾದರೆ ಸೆಟ್ಟನ್ನು ಸಿಲಿಂಡರಿಗೆ ಹಾಕಿ ಗಾಳಿ ಬಿಟ್ಟುಕೊಂಡೇ ತೊಳೆಯುತ್ತೇನೆ, ಆಗ ನೀರು ಒಳಗೆ ಹೋಗುವ ಮಾತೇ ಇಲ್ಲ. ಹಾಗಾಗದಿದ್ದರೆ, ಬಕೆಟ್ಟಿನಲ್ಲಿ ಇರುವಾಗ ಪರ್ಜ್ ಬಟನ್ ಮುಟ್ಟುವುದಿಲ್ಲ. ಒತ್ತಿದರೆ ವಾಲ್ವ್ ತೆರೆದುಕೊಳ್ಳುತ್ತದೆ, ಹೋಸಿನಲ್ಲಿ ತಡೆಯುವ ಗಾಳಿ ಇಲ್ಲದಿದ್ದರೆ ನೀರು ಸೀದಾ ಫಸ್ಟ್ ಸ್ಟೇಜಿಗೆ ಹತ್ತುತ್ತದೆ. ಮಕ್ಕಳಿಗೆ ಆ ಬಟನ್ ಕಂಡರೆ ಕೈ ತುರಿಸುತ್ತದೆ. ನನ್ನ ಅಣ್ಣನ ಮಗನಿಗೆ ಇದಕ್ಕಾಗಿ ಎರಡು ಸಲ ಬೈದಿದ್ದೇನೆ. ನೀರು ಉಗುರುಬೆಚ್ಚಗಿದ್ದರೆ ಉಪ್ಪು ಬೇಗ ಕರಗುತ್ತದೆ. ಉಪ್ಪು ಒಣಗುವ ಮುಂಚೆ ತೊಳೆಯುವುದೇ ಮುಖ್ಯ. ಒಣಗಿ ಹರಳಾದರೆ ಆಮೇಲೆ ಎಷ್ಟು ನೆನೆಸಿದರೂ ಸಂದಿಯಲ್ಲಿ ಉಳಿದುಬಿಡುತ್ತದೆ, ಓ-ರಿಂಗಿಗೆ ಅದು ಗಾಜಿನ ಪುಡಿ ಇದ್ದ ಹಾಗೆ.

ಒಣಗಿಸುವುದು ನೆರಳಿನಲ್ಲಿ. ಇಡುವುದು ಹೋಸ್ ಮಡಚದೆ, ದೊಡ್ಡ ಸುತ್ತು ಮಾಡಿ. ಬೆಂಗಳೂರಿನಲ್ಲಿ ಇಷ್ಟೇ ಸಾಕು. ಆದರೆ ಒಂದು ಮಳೆಗಾಲ ಅದನ್ನು ಹೊನ್ನಾವರದ ಮನೆಯ ಅಟ್ಟದಲ್ಲಿ ಬಿಟ್ಟು ಬಂದಿದ್ದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೇತ್ರಾಣಿಗೆ ದೋಣಿ ಹೋಗುವುದಿಲ್ಲವಲ್ಲ, ಯಾಕೆ ಹೊತ್ತು ತಿರುಗಬೇಕು ಅಂತ. ಅಕ್ಟೋಬರಿನಲ್ಲಿ ತೆಗೆದರೆ ಹೋಸಿನ ಮೇಲೆ ಬಿಳಿ ಬೂಸು, ಮೌತ್‌ಪೀಸಿನ ಬಾಯಲ್ಲಿ ಒಣಗಿದ ಮಣ್ಣು. ಕುಂಬಾರ ಹುಳು ಗೂಡು ಕಟ್ಟಿತ್ತು. ಒಳಗೆ ಮೂರ್ನಾಲ್ಕು ಸತ್ತ ಜೇಡ. ಅಮ್ಮ ನೋಡಿ, “ಪಾಪ, ಗೂಡು ಒಡೀಬೇಡ” ಅಂದರು. ಕುಂಬಾರ ಹುಳು ಮನೆಯೊಳಗೆ ಗೂಡು ಕಟ್ಟಿದರೆ ಒಳ್ಳೆಯದು ಅಂತ ಅವರ ನಂಬಿಕೆ. ಕೊನೆಗೆ ಮೌತ್‌ಪೀಸ್ ಸಮೇತ ಬಿಚ್ಚಿ ಅಟ್ಟದ ಮೇಲೇ ಇಟ್ಟೆವು. ಹೊಸ ಮೌತ್‌ಪೀಸಿಗೆ ಹೆಚ್ಚೇನೂ ಖರ್ಚಿಲ್ಲ, ಒಂದು ಜಿಪ್ ಟೈ ಬಿಗಿದರೆ ಮುಗಿಯಿತು.

ಮೌತ್‌ಪೀಸ್ ಬದಲಿಸುವುದು, ಸೆಕೆಂಡ್ ಸ್ಟೇಜಿನ ಮುಚ್ಚಳ ತೆಗೆದು ಪೊರೆ ತೊಳೆಯುವುದು, ಇಷ್ಟು ನಾನೇ ಮಾಡುತ್ತೇನೆ. ಫಸ್ಟ್ ಸ್ಟೇಜಿಗೆ ಸ್ಪ್ಯಾನರ್ ಹಾಕುವುದಿಲ್ಲ. ಸೈಕಲ್ಲಿನಿಂದ ಮಿಕ್ಸಿಯವರೆಗೆ ಬಿಚ್ಚಿದ ಕೈ ಇದು, ಆದರೂ ಬೇಡ. ಮಿಕ್ಸಿ ಕೆಟ್ಟರೆ ಚಟ್ನಿ ಇಲ್ಲ, ಅಷ್ಟೇ.

ಸರ್ವೀಸ್ ಯಾವಾಗ ಅನ್ನುವುದಕ್ಕೆ ಕೆಲವು ಕಂಪನಿಗಳು ವರ್ಷಕ್ಕೊಮ್ಮೆ ಅಥವಾ 100 ಡೈವ್ ಅನ್ನುತ್ತವೆ. ಕೆಲವು ಎರಡು ವರ್ಷ ಕೊಟ್ಟು ನಡುವೆ ಒಮ್ಮೆ ತಪಾಸಣೆ ಮಾಡಿಸಿ ಅನ್ನುತ್ತವೆ. ಜೊತೆಗೆ ಬಂದ ಪುಸ್ತಕದಲ್ಲಿ ಇರುತ್ತದೆ, ಅದನ್ನೇ ನಂಬಿ. 40 ಶೇಕಡಾಕ್ಕಿಂತ ಜಾಸ್ತಿ ಆಮ್ಲಜನಕದ ಗಾಳಿ ಬಳಸುವವರಿಗೆ ಗ್ರೀಸಿನಿಂದ ಹಿಡಿದು ಎಲ್ಲ ಬೇರೆ, ಅದು ನನ್ನ ದಾರಿಯಲ್ಲ.

ಮೂರು ವರ್ಷದ ಹಿಂದೆ ಸರ್ವೀಸ್‌ಗೆ ಕೊಟ್ಟೆ, ಹೊಸ ಜಾಗ. ಹೆಸರು ಬೇಡ. ಮೂರು ವಾರಕ್ಕೆ ವಾಪಸ್ ಬಂತು, ಹೊಳೆಯುತ್ತಿತ್ತು, ಬಿಲ್ಲೂ ಹೊಳೆಯುತ್ತಿತ್ತು. ಮನೆಯಲ್ಲಿ ಒಂದು ಸಣ್ಣ ಗೇಜ್ ಇಟ್ಟುಕೊಂಡಿದ್ದೇನೆ. ನೀರಿನಲ್ಲಿ ತೇಲಲು ಹಾಕಿಕೊಳ್ಳುವ ಬಿಸಿಡಿ ಜಾಕೆಟ್ಟಿಗೆ ಗಾಳಿ ತುಂಬುವ ಹೋಸಿನ ತುದಿಗೆ ಟಕ್ ಅಂತ ಸಿಕ್ಕಿಸಬಹುದು. ಫಸ್ಟ್ ಸ್ಟೇಜ್ ಹೋಸಿಗೆ ಎಷ್ಟು ಒತ್ತಡ ಬಿಡುತ್ತಿದೆ ಅಂತ ತೋರಿಸುತ್ತದೆ. ಗೆಳೆಯನ ಹತ್ತಿರ ತುಂಬಿದ ಸಿಲಿಂಡರ್ ಇತ್ತು. ಅವನ ಮನೆಯ ಟೆರೇಸಿನಲ್ಲಿ, ಒಣಗಿಸಿದ ಹಪ್ಪಳದ ಪಕ್ಕ ಕೂತು ವಾಲ್ವ್ ತೆರೆದೆ. ಮುಳ್ಳು 9.5ಕ್ಕೆ ಬಂದು ನಿಂತಿತು. ಒಂದು ಉಸಿರು ಎಳೆದೆ. ಮುಳ್ಳು ಕೆಳಗೆ ಹೋಗಿ, ವಾಪಸ್ 9.5. ನಿಲ್ಲಬೇಕಾದದ್ದು ಅಲ್ಲೇ, ಬಾಗಿಲು ಮುಚ್ಚಿಕೊಂಡ ಹಾಗೆ ಗಟ್ಟಿಯಾಗಿ. ಅದು ನಿಲ್ಲಲಿಲ್ಲ. 9.7. ಗೆಳೆಯ ಚಹಾ ತರಲು ಹೋದ. 10. ಕಾಗೆ ಓಡಿಸಿದೆ. 10.4. ಗಡಿಯಾರದ ನಿಮಿಷದ ಮುಳ್ಳಿನ ಹಾಗೆ, ನೋಡುತ್ತಾ ಕೂತರೆ ಚಲಿಸಿದ್ದು ಕಾಣುವುದಿಲ್ಲ, ಬೇರೆ ಕಡೆ ನೋಡಿ ಬಂದರೆ ಮುಂದೆ ಹೋಗಿರುತ್ತದೆ. 11ರ ಹತ್ತಿರ ಬಂದಾಗ ಸೆಕೆಂಡ್ ಸ್ಟೇಜ್ ಮೆಲ್ಲಗೆ ಪುಸಪುಸ ಶುರು ಮಾಡಿತು.

ಒಳಗೆ ನಡೆಯುತ್ತಿದ್ದದ್ದು ಇಷ್ಟು. ಫಸ್ಟ್ ಸ್ಟೇಜಿನಲ್ಲಿ ಒಂದು ಲೋಹದ ಅಂಚು ಒಂದು ಗಟ್ಟಿ ಪ್ಲಾಸ್ಟಿಕ್ ಸೀಟಿನ ಮೇಲೆ ಕೂತು 200 ಬಾರನ್ನು ತಡೆಯುತ್ತದೆ. ಸೀಟು ಸವೆದರೆ ಸ್ವಲ್ಪ ಸ್ವಲ್ಪ ಸೋರುತ್ತದೆ, ಹೋಸಿನ ಒತ್ತಡ ಏರುತ್ತಾ ಹೋಗುತ್ತದೆ. ಅಂಗಡಿಗೆ ಫೋನ್ ಮಾಡಿದೆ. ಹೊಸ ಸೀಟು, ಕೂರಲು ಸ್ವಲ್ಪ ಟೈಮ್ ಬೇಕು ಅಂದರು. ಆ ಮಾತಿನಲ್ಲಿ ಸುಳ್ಳಿಲ್ಲ, ಹೊಸ ಸೀಟು ಹೊಂದಿಕೊಳ್ಳಲು ಕೆಲವೊಮ್ಮೆ ಸ್ವಲ್ಪ ಹೊತ್ತು ಬೇಕು. ಎರಡು ವಾರ ಕೊಟ್ಟೆ. ಮುಳ್ಳು ಹಾಗೇ ತೆವಳುತ್ತಿತ್ತು. ಮತ್ತೆ ಫೋನ್ ಮಾಡಿದರೆ, “ನೀವು ಜಾಸ್ತಿ ಯೋಚನೆ ಮಾಡ್ತೀರ ಸರ್” ಅಂದರು.

ಕೊನೆಗೆ ಗೋವಾದಲ್ಲಿ, ಮೊದಲು ನನ್ನ ಹಸಿರು ಫಿಲ್ಟರ್ ತೆಗೆದುಕೊಟ್ಟಿದ್ದ ಅದೇ ಹಿರಿಯರ ಹತ್ತಿರ ಕೊಂಡು ಹೋದೆ. ಅವರು ಬಿಚ್ಚಿ, ಸೀಟನ್ನು ಚಿಮಟದಲ್ಲಿ ಹಿಡಿದು ಭೂತಗನ್ನಡಿ ಕೊಟ್ಟರು. ಕಡಲೆಬೇಳೆಗಿಂತ ಸ್ವಲ್ಪ ದೊಡ್ಡದು. ನಡುವೆ ಚಕ್ರದ ಗುರುತು, ಕಂಪಾಸಿನಲ್ಲಿ ಎಳೆದ ಹಾಗೆ. ಹೊಸದರಲ್ಲಾದರೆ ಆ ಗುರುತು ತೆಳ್ಳಗೆ ಇರಬೇಕು. ಇದರಲ್ಲಿ ಅದು ಕಾಲುವೆಯಾಗಿತ್ತು, ಒಂದು ಕಡೆ ಅಂಚು ಕಿತ್ತಿತ್ತು. “ಎಷ್ಟು ವಾರದ್ದು ಅಂತೀರಿ?” ಕೇಳಿದರು. ಐದು ವಾರ ಅಂದೆ. ಅವರು ಏನೂ ಹೇಳಲಿಲ್ಲ. ಡ್ರಾಯರ್ ಎಳೆದು ಹೊಸದೊಂದು ತೆಗೆದು ಪಕ್ಕದಲ್ಲಿಟ್ಟರು. ನೋಡಿದವರಿಗೆ ಗೊತ್ತಾಗುತ್ತಿತ್ತು.

ಅವತ್ತಿನಿಂದ ಸರ್ವೀಸ್‌ಗೆ ಕೊಡುವಾಗ ಹಳೇ ಭಾಗಗಳನ್ನು ವಾಪಸ್ ಕೊಡಿ ಅಂತ ಮೊದಲೇ ಹೇಳುತ್ತೇನೆ. ಅವರು ಜಿಪ್ ಇರುವ ಸಣ್ಣ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕಳಿಸುತ್ತಾರೆ, ಮೇಲೆ ಪೆನ್ನಿನಲ್ಲಿ ತಾರೀಖು. ಈ ವರ್ಷದ್ದು ಜುಲೈನಲ್ಲಿ ಹೊನ್ನಾವರದ ವಿಳಾಸಕ್ಕೆ ಬಂತು, ನಾನು ಅಲ್ಲೇ ಇದ್ದೆ. ಹೊರಗೆ ಧೋ ಅಂತ ಮಳೆ. ಕವರನ್ನು ಊಟದ ಮೇಜಿನ ಮೇಲೆ ಸುರಿದು ಎಣಿಸುತ್ತಿದ್ದೆ. ಎರಡು ಸೀಟು, ಒಂದು ಫಿಲ್ಟರು, ಬೂದಿ ಬಣ್ಣದ್ದೇ, ಓ-ರಿಂಗುಗಳು. ಅಮ್ಮ ಕನ್ನಡಕ ಏರಿಸಿಕೊಂಡು ಬಂದು ನೋಡಿದರು. ಒಂದು ಓ-ರಿಂಗ್ ಎತ್ತಿ ಬೆರಳಲ್ಲಿ ಹಿಚುಕಿದರು.

“ಕುಕ್ಕರಿನ ವಾಷರ್ ಇದ್ದ ಹಾಗೇ ಇದೆಯಲ್ಲೋ. ಗಟ್ಟಿಯಾಗಿದೆ, ಬದಲಿಸಿದ್ದು ಒಳ್ಳೇದಾಯ್ತು.”

ಆಮೇಲೆ ಎಲ್ಲವನ್ನೂ ಕವರಿಗೆ ತುಂಬಿ, ಗುಂಡಿ ಮತ್ತು ದಾರ ಇಡುವ ಬಿಸ್ಕತ್ ಡಬ್ಬಿಯಲ್ಲಿ, ಹೋದ ವರ್ಷದ ಕವರಿನ ಪಕ್ಕ ಇಟ್ಟರು.